ಶನಿ ಕುಣೀತಿದ್ರೆ ಟ್ರೈಪಾಡ್ ಕಾಲು ನೋಡಿ

ಪ್ರಶ್ನೆ: ಸಾರ್, ಮಗಳಿಗೆ ಅಂತ 130 ಮಿ.ಮೀ. ಕನ್ನಡಿಯ ರಿಫ್ಲೆಕ್ಟರ್ ಟೆಲಿಸ್ಕೋಪ್ ತಗೊಂಡೆ, ಟ್ಯೂಬನ್ನ ಹಿಡಿದು ತಿರುಗಿಸೋಕೆ ಇಕ್ವಟೋರಿಯಲ್ ಮೌಂಟು, ಅಲ್ಯೂಮಿನಿಯಂ ಟ್ರೈಪಾಡು. ಚಂದ್ರ ಪರವಾಗಿಲ್ಲ, ಶನಿಗೆ ಫೋಕಸ್ ಮಾಡೋಕೆ ಕೈ ಇಟ್ರೆ ಸಾಕು ಐದಾರು ಸೆಕೆಂಡ್ ಕುಣೀತಾನೇ ಇರುತ್ತೆ. ಅಂಗಡಿಯವರು ದೊಡ್ಡ ಮೌಂಟ್ ತಗೊಳ್ಳಿ ಅಂತಾರೆ. ತಗೊಳ್ಳಲಾ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಸದ್ಯಕ್ಕೆ ದುಡ್ಡು ಜೇಬಲ್ಲೇ ಇರ್ಲಿ ಸಾರ್. 150 ಪಟ್ಟು ದೊಡ್ಡದು ಮಾಡಿ ನೋಡ್ತಿದೀರಿ ಅಂದ್ರೆ ಅಲುಗಾಟನೂ ಅಷ್ಟೇ ಪಟ್ಟು ದೊಡ್ಡದಾಗಿ ಕಾಣುತ್ತೆ, ಕೂದಲೆಳೆಯಷ್ಟು ಅಲ್ಲಾಡಿದ್ರೂ ಗ್ರಹ ಜಿಗಿಯುತ್ತೆ.

ನಿಂತ್ಕೊಂಡು ನೋಡೋ ಆಸೆಗೆ ಕಾಲು ಪೂರ್ತಿ ಎಳ್ದಿರ್ತೀರಿ, ನಾನೂ ಅದನ್ನೇ ಮಾಡಿದ್ದೆ. ಆ ಕೆಳಗಿನ ತೆಳು ಭಾಗನೇ ಬಾಗೋದು, ಅದನ್ನ ಒಳಕ್ಕೆ ತಳ್ಳಿ ಸ್ಕ್ರೂ ಬಿಗಿ ಮಾಡಿ, ಸ್ಟೂಲ್ ಮೇಲೆ ಕೂತು ನೋಡಿ, ಕೂತ್ರೆ ನಿಮ್ಮ ತಲೆನೂ ಅಲ್ಲಾಡಲ್ಲ. ಆಮೇಲೆ ಹಗಲಲ್ಲೇ ಮೌಂಟಿನ ತಲೆ ಹಿಡ್ಕೊಂಡು ಮೆಲ್ಲಗೆ ತಿರುಚಿ, ಇನ್ನೊಂದು ಕೈ ಬೆರಳನ್ನ ಕಾಲಿನ ಕೀಲುಗಳ ಮೇಲೆ ಇಡಿ, ಸಡಿಲ ಇರೋ ನಟ್ಟು ಬೆರಳಿಗೇ ಗೊತ್ತಾಗುತ್ತೆ. ಕಾಲುಗಳ ನಡುವಿನ ತಟ್ಟೆ ಐಪೀಸ್ (ಕಣ್ಣಿಟ್ಟು ನೋಡೋ ಮಸೂರ) ಇಡೋಕೆ ಮಾತ್ರ ಅಲ್ಲ, ಕಾಲು ಅಗಲ ಹಿಡಿಯೋದೂ ಅದೇ, ಅದನ್ನ ಬಿಗಿಯಾಗಿ ಕೂರ್ಸಿ. ಅದರ ಕೆಳಗೆ ಐದಾರು ಕೆಜಿ ಮರಳು ಚೀಲ ಕಟ್ಟಿ, ಗಾಳಿಗೆ ತೂಗಾಡದಂಗೆ ನೆಲಕ್ಕೆ ಸ್ವಲ್ಪ ತಾಗ್ಲಿ.

ತಾರಸಿ ಮೇಲಿಡ್ತೀರಾದ್ರೆ ಮೋಲ್ಡಿನ ನಡುಮಧ್ಯೆ ಬೇಡ, ಕೆಳಗೆ ಗೋಡೆನೋ ಬೀಮೋ ಇರೋ ಕಡೆ ಇಡಿ. ಮಗಳು ಪಕ್ಕದಲ್ಲಿ ಕುಣಿದ್ರೆ ಶನಿನೂ ಕುಣಿಯುತ್ತೆ! ವೀಕ್ಷಣಾಲಯಗಳಲ್ಲಿ ಟೆಲಿಸ್ಕೋಪಿನ ಕಂಬಕ್ಕೆ ಕಟ್ಟಡಕ್ಕೆ ತಾಗದಂಗೆ ಬೇರೆ ಪಾಯನೇ ಹಾಕೋದು ಇದಕ್ಕೇ. ನಮಗೆ ಒಂದೊಂದು ಕಾಲಿನಡಿ ದಪ್ಪ ರಬ್ಬರ್ ತುಂಡು ಸಾಕು.

ಬ್ಯಾಲೆನ್ಸೂ ನೋಡಿ, ಮೌಂಟಿನ ಲಾಕ್ ಸಡಿಲಿಸಿದಾಗ ಟ್ಯೂಬು ಎತ್ತ ಕಡೆಗೂ ವಾಲದೆ ಇರ್ಬೇಕು. ಬಿಚ್ಚುವಾಗ ಮಾತ್ರ ಮೊದ್ಲು ಟ್ಯೂಬು, ಆಮೇಲೆ ಅದರ ಭಾರ ಸರಿತೂಗಿಸೋ ಕೌಂಟರ್‌ವೇಟು. ನಾನೊಮ್ಮೆ ಉಲ್ಟಾ ಮಾಡಿ ಟ್ಯೂಬು ಧಡಕ್ಕಂತ ಕಾಲಿಗೆ ಬಡಿದು, ಗುರಿ ಹಿಡಿಯೋ ಪುಟ್ಟ ಫೈಂಡರ್ ಮುರ್ಕೊಂಡಿದೀನಿ.

ಇಷ್ಟಾದ್ಮೇಲೆ ಶನಿನ ನಡುವಲ್ಲಿಟ್ಟು ಟ್ಯೂಬಿಗೆ ಬೆರಳಲ್ಲಿ ಮೆಲ್ಲಗೆ ತಟ್ಟಿ ಎಣಿಸಿ. ಎರಡು ಸೆಕೆಂಡಲ್ಲಿ ನಿಂತ್ರೆ ಗೆದ್ರಿ. ಆಗ್ಲೂ ಐದು ಸೆಕೆಂಡ್ ಅಲ್ಲಾಡಿದ್ರೆ ಅಂಗಡಿಯವರ ಮಾತು ಕೇಳೋಣ.