ವಿದೇಶಿ ಜಾಲತಾಣದ ಖರೀದಿ: ವಿಜಯಪುರದಲ್ಲೇ ದೂರು ಕೊಡಬಹುದೇ?

ಪ್ರಶ್ನೆ: ಮದುವೆಗಳ ಚಿತ್ರೀಕರಣವೇ ನನ್ನ ಜೀವನೋಪಾಯ. ವಿದೇಶಿ ಜಾಲತಾಣವೊಂದರಲ್ಲಿ ಹಣ ಕಟ್ಟಿ ಡ್ರೋನ್ ತರಿಸಿದೆ. ಕಸ್ಟಮ್ಸ್‌ನವರು ಅದನ್ನು ತಡೆಹಿಡಿದಿದ್ದಾರೆ. ಮಾರಾಟಗಾರರು ಹಣ ಮರಳಿಸಲು ಒಪ್ಪುತ್ತಿಲ್ಲ. ನಾನು ಎಲ್ಲಿ ದೂರು ಕೊಡಬೇಕು?
– ಓದುಗರು, ವಿಜಯಪುರ

ಉತ್ತರ: ಸಿದ್ಧಪಡಿಸಿದ ಡ್ರೋನ್‌ಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರುವರಿಯಲ್ಲೇ ನಿಷೇಧಿಸಿದ್ದು, ಸಂಶೋಧನೆ, ರಕ್ಷಣೆ ಮತ್ತು ಭದ್ರತೆಯ ಉದ್ದೇಶಗಳಿಗೆ ಮಾತ್ರ ವಿನಾಯಿತಿ ಇದೆ. ಆದ್ದರಿಂದ ವಸ್ತುವನ್ನು ಬಿಡಿಸಿಕೊಳ್ಳುವ ಆಸೆಯನ್ನು ಬಿಟ್ಟು, ಹಣ ಮರಳಿ ಪಡೆಯುವತ್ತ ಗಮನ ಕೊಡಿ. ಕಾರ್ಡ್ ಮೂಲಕ ಪಾವತಿಸಿದ್ದರೆ ಮೊದಲು ಬ್ಯಾಂಕಿಗೆ ಲಿಖಿತ ತಕರಾರು ಸಲ್ಲಿಸಿ. ಅನೇಕ ಪ್ರಕರಣಗಳಲ್ಲಿ ಇದೇ ಹತ್ತಿರದ ದಾರಿ.

ವೃತ್ತಿಗಾಗಿ ಕೊಂಡವರು ಗ್ರಾಹಕರಲ್ಲ ಎಂಬ ವಾದ ಎದುರಾಗಬಹುದು. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸ್ವಯಂ ಉದ್ಯೋಗದಿಂದ ಹೊಟ್ಟೆ ಹೊರೆಯಲೆಂದೇ ಕೊಂಡವರನ್ನು ಗ್ರಾಹಕರೆಂದೇ ಪರಿಗಣಿಸುತ್ತದೆ. ಭಾರತದ ಗ್ರಾಹಕರಿಗೆ ವ್ಯವಸ್ಥಿತವಾಗಿ ಸರಕು ಮಾರುವ ವಿದೇಶಿ ಸಂಸ್ಥೆಗಳಿಗೂ 2020ರ ಇ-ವಾಣಿಜ್ಯ ನಿಯಮಗಳು ಅನ್ವಯಿಸುತ್ತವೆ. ಅವುಗಳ ಕುಂದುಕೊರತೆ ಅಧಿಕಾರಿ 48 ಗಂಟೆಗಳಲ್ಲಿ ದೂರಿಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಅದೂ ಫಲಿಸದಿದ್ದರೆ, ನೀವು ವಾಸಿಸುವ ಊರಿನಲ್ಲೇ ದೂರು ಹೂಡಲು ಕಾಯ್ದೆ ಅವಕಾಶ ಕೊಟ್ಟಿರುವುದರಿಂದ ವಿಜಯಪುರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಆದರೆ ಭಾರತದಲ್ಲಿ ಕಚೇರಿಯಾಗಲಿ ಆಸ್ತಿಯಾಗಲಿ ಇಲ್ಲದ ಮಾರಾಟಗಾರರ ವಿರುದ್ಧ ಆದೇಶ ಬಂದರೂ ಅದನ್ನು ಜಾರಿಗೊಳಿಸುವುದು ಬಹಳ ಕಷ್ಟ. ಆದಕಾರಣ ಬ್ಯಾಂಕಿನ ತಕರಾರನ್ನು ಇಂದೇ ಸಲ್ಲಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆಮಾಡಿ.