ಸ್ತುತಿ ಆಮೇಲೆ, ಮೊದಲು ಬಾಯಿಬಿಟ್ಟು ಕೇಳಿ

ಕೆಲಸ ಹೋಗಿದೆ, ಬಾಡಿಗೆಗೂ ದುಡ್ಡಿಲ್ಲ, ಹೀಗಿರುವಾಗ ದೇವರು ಒದಗಿಸುತ್ತಾನೆ ಅಂತ ಸ್ತುತಿಸೋದು ಹೇಗೆ ಅಂತ ಕೇಳಿದ್ದೀರಿ. ನಾನೂ ಅಲ್ಲೇ ಇದ್ದೆ.

ನಮ್ಮದು ಮಂಗಳೂರು ಕಡೆಯ ಕಥೋಲಿಕ ಕುಟುಂಬ. ಗಲ್ಫ್ ಕೆಲಸ ಹೋಗಿ ಊರಿಗೆ ಬಂದ ಮೇಲೆ, ಚರ್ಚಿನಲ್ಲಿ ಯಾರು ಕೇಳಿದರೂ "ದೇವರ ದಯೆ, ಎಲ್ಲ ಚೆನ್ನಾಗಿದೆ" ಅಂತಿದ್ದೆ. ಚರ್ಚಿನ ನಮ್ಮ ವಾರ್ಡಿನ ಗುರಿಕಾರರು, ಅಂದರೆ ಆ ಭಾಗದ ಕುಟುಂಬಗಳ ಮುಖಂಡರು, ಮನೆಗೇ ಬಂದು, "ಸಂತ ವಿನ್ಸೆಂಟ್ ದಿ ಪೌಲ್ ಸಭೆಯಿಂದ ಏನಾದರೂ ಮಾಡಬಹುದಾ? ಯಾರಿಗೂ ಗೊತ್ತಾಗೋದಿಲ್ಲ" ಅಂದರು. ಬಡವರಿಗೆ ನೆರವಾಗೋ ಕಥೋಲಿಕರ ಸಂಘ ಅದು. ಕಾಫಿ ಕೊಟ್ಟು ಕಳಿಸಿಬಿಟ್ಟೆ. ಬೇಕು ಅಂದರೆ ನನಗೆ ವಿಶ್ವಾಸ ಸಾಲದು ಅಂದ ಹಾಗಾಗುತ್ತದೆ ಅಂದುಕೊಂಡಿದ್ದೆ. ರಾತ್ರಿ ಜಪಸರ ಹಿಡಿದು "ಒದಗಿಸು ದೇವರೇ" ಅಂತ ಬೇಡೋದು, ಹಗಲು ಬಾಗಿಲಿಗೆ ಬಂದವರನ್ನು ವಾಪಸ್ ಕಳಿಸೋದು! ನಿಜವಾಗಿ ನನ್ನನ್ನು ತಡೆದದ್ದು ಮರ್ಯಾದೆ ಹೋದೀತು ಅನ್ನೋ ಅಂಜಿಕೆ. ಅದಕ್ಕೆ ನಾನೇ ವಿಶ್ವಾಸ ಅಂತ ಹೆಸರಿಟ್ಟೆ. ಕೇಳಿದ್ದರೆ ಮಗಳ ಫೀಸಿಗೆ ಅಷ್ಟೋ ಇಷ್ಟೋ ಸಿಗುತ್ತಿತ್ತು. ಕೇಳಲಿಲ್ಲ, ಹೆಂಡತಿಯ ಕರಿಮಣಿ ಗಿರವಿಗೆ ಹೋಯಿತು. ಬಡ್ಡಿ ಬೆಳೆಯಿತು, ಬಿಡಿಸಿಕೊಳ್ಳೋಕಾಗಲಿಲ್ಲ, ಹರಾಜಾಯಿತು. ಅವಳು ಒಂದು ಮಾತೂ ಆಡಲಿಲ್ಲ. ಆ ಸರ ಮತ್ತೆ ಬರೋದಿಲ್ಲ ಅಲ್ವಾ?

ಆ ಸಲ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಮಾತೆ ಮರಿಯಮ್ಮನ ಹುಟ್ಟುಹಬ್ಬ, ನಮಗೆ ಹೊಸ ತೆನೆಯ ಹಬ್ಬ) ನಾನು ಚರ್ಚಿಗೂ ಹೋಗಲಿಲ್ಲ. ಗುರಿಕಾರರೇ ಆಶೀರ್ವಾದ ಮಾಡಿಸಿದ ತೆನೆ ತಂದುಕೊಟ್ಟರು. ಅಮ್ಮ ಉಗುರಲ್ಲಿ ಭತ್ತ ಸುಲಿದು, ಅಕ್ಕಿ ಪುಡಿ ಮಾಡಿ, ಪಾಯಸಕ್ಕೆ ಬೆರೆಸಿ ಎಲ್ಲರಿಗೂ ಕೊಟ್ಟರು. ನಮಗೆ ಗದ್ದೆ ಇಲ್ಲ. ಆ ತೆನೆ ಯಾರದೋ ಗದ್ದೆಯದ್ದು. ಪ್ರತಿ ವರ್ಷವೂ ಹಾಗೇ ತಿನ್ನುತ್ತಾ ಬಂದಿದ್ದೆ, ನಾಚಿಕೆ ಆಗಿರಲಿಲ್ಲ. ಸಂಜೆಯೇ ಗುರಿಕಾರರ ಮನೆಗೆ ಹೋಗಿ ಎಲ್ಲ ಹೇಳಿದೆ.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪೋದಿಲ್ಲ. ಹೊಟ್ಟೆಗಿಲ್ಲದಾಗ ಸುಮ್ನೆ ಸ್ತುತಿ ಬರಿಸಿಕೊಳ್ಳಬೇಡಿ. "ಎಷ್ಟರ ತನಕ ನನ್ನನ್ನು ಮರೆತಿರುವೆ" ಅಂತ ದೇವರನ್ನೇ ಕೇಳೋ 13ನೇ ಕೀರ್ತನೆಯೂ ಬೈಬಲ್‌ನಲ್ಲೇ ಇದೆ, ಅದನ್ನು ಪ್ರಾರ್ಥಿಸಿ. ಬರಗಾಲದಲ್ಲಿ ದೇವರು ಎಲೀಯನನ್ನು ಕಳಿಸಿದ್ದು ಒಂದು ಹಿಡಿ ಹಿಟ್ಟು ಉಳಿದಿದ್ದ ಚಾರೆಪ್ತ ಅನ್ನೋ ಊರಿನ ವಿಧವೆಯ ಹತ್ತಿರ. ಅಷ್ಟು ದೊಡ್ಡ ಪ್ರವಾದಿಯೂ ಬಾಯಿಬಿಟ್ಟು ರೊಟ್ಟಿ ಕೇಳಿದ. ದೇವರು ಕೊಡೋದು ಜಾಸ್ತಿ ಮನುಷ್ಯರ ಕೈಯಿಂದಲೇ.

ಈ ಭಾನುವಾರ ಪೂಜೆ ಮುಗಿದ ಮೇಲೆ ಫಾದರನ್ನೋ ವಿನ್ಸೆಂಟ್ ದಿ ಪೌಲ್ ಸಭೆಯವರನ್ನೋ ಹಿಡಿಯಿರಿ. 1833ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದಾಗಿನಿಂದ ಬಡವರ ಮನೆಗೇ ಹೋಗಿ ಮಾತಾಡೋದು ಆ ಸಭೆಯ ಪದ್ಧತಿ. "ಸ್ವಲ್ಪ ಕಷ್ಟ" ಅಂತ ತೇಲಿಸಬೇಡಿ. ಎಷ್ಟು ತಿಂಗಳ ಬಾಡಿಗೆ ಬಾಕಿ, ನಿಮಗೆ ಯಾವ ಕೆಲಸ ಗೊತ್ತು, ಎರಡನ್ನೂ ಬಿಡಿಸಿ ಹೇಳಿ.