ಹಳೇ ಟೈಲ್ಸ್ ಮೇಲೆ ಹೊಸ ಟೈಲ್ಸ್ ಬೇಡ

ಪ್ರಶ್ನೆ: ಬೆಂಗಳೂರಿನ ರಾಜಾಜಿನಗರದಲ್ಲಿ 1988ರಲ್ಲಿ ಕಟ್ಟಿಸಿದ ಮನೆ ನಮ್ಮದು. ನೆಲಮಹಡಿಯಲ್ಲಿ 8 ಅಡಿ ಉದ್ದ, 5 ಅಡಿ ಅಗಲದ ಒಂದೇ ಬಾತ್‌ರೂಮು. ಬೆಳಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಕೆಂಪು ನೀರು. ಪಕ್ಕದ ರೂಮಿನ ಗೋಡೆ ತೇವ ಹಿಡಿದು ಬಣ್ಣ ಉದುರುತ್ತಿದೆ. ಅತ್ತೆಗೆ 74 ವರ್ಷ, ಮಂಡಿನೋವು. ಅವರಿಗಾಗಿ ಇಂಡಿಯನ್ ತೆಗೆಸಿ ವೆಸ್ಟರ್ನ್ ಕಮೋಡ್ ಹಾಕಿಸಬೇಕು. ಕೈಯಲ್ಲಿರುವುದು 2 ಲಕ್ಷ. ಕಂಟ್ರಾಕ್ಟರು ‘ಎಲ್ಲಾ ಸೇರಿ 1,60,000’ ಎಂದು ಒಂದೇ ಸಾಲಿನಲ್ಲಿ ಬರೆದುಕೊಟ್ಟಿದ್ದಾರೆ. ಹಳೇ ಟೈಲ್ಸ್ ಮೇಲೇ ಹೊಸದು ಅಂಟಿಸಿದರೆ ಇನ್ನೂ 30 ಸಾವಿರ ಉಳಿಯುತ್ತದಂತೆ. ಒಪ್ಪಬಹುದೇ?
– ಹೆಸರು ಬೇಡ, ರಾಜಾಜಿನಗರ

ಉತ್ತರ: ಬೇಡಮ್ಮ, ಒಪ್ಪಬೇಡಿ. ಗೋಡೆ ಒಣಗಿದ್ದು, ಪೈಪು ಚೆನ್ನಾಗಿದ್ದು, ಟೈಲ್ಸ್ ಮಾತ್ರ ಹಳತಾಗಿದ್ದರೆ ಮೇಲೆ ಅಂಟಿಸುವುದು ತಪ್ಪಲ್ಲ. ನಿಮ್ಮ ಮನೆಯಲ್ಲಿ ಕೆಟ್ಟಿರುವುದು ಟೈಲ್ಸ್ ಹಿಂದಿರುವ ಪೈಪು. ಕೆಂಪು ನೀರು ಎಂದರೆ ಜಿಐ ಪೈಪು (ಸತು ಲೇಪದ ಕಬ್ಬಿಣದ ಪೈಪು) ಒಳಗೇ ತುಕ್ಕು ಹಿಡಿದಿದೆ ಎಂದರ್ಥ. ಅದರ ಮೇಲೆ ಎಷ್ಟು ಚಂದದ ಟೈಲ್ಸ್ ಹಾಕಿದರೂ ಒಂದು ದಿನ ಒಡೆಸಲೇಬೇಕಾಗುತ್ತದೆ.

ಹಾಗಾಗಿ ದುಡ್ಡು ಹಂಚುವಾಗ ಮುಚ್ಚಿಹೋಗುವ ಕೆಲಸಕ್ಕೆ ಮೊದಲು ಎತ್ತಿಡಿ, ಕಣ್ಣಿಗೆ ಕಾಣುವುದಕ್ಕೆ ಉಳಿದದ್ದು. ಮಧ್ಯಮ ದರ್ಜೆಯ ಸಾಮಾನು ಎಂದಿಟ್ಟುಕೊಂಡು ನಾನು ಹಾಕುವ ಅಂದಾಜು ಹೀಗೆ: ಒಡೆದು ಕಲ್ಲುಮಣ್ಣು ಸಾಗಿಸಲು 15 ಸಾವಿರ, ಪೂರ್ತಿ ಹೊಸ ಪ್ಲಂಬಿಂಗಿಗೆ 30, ವಾಟರ್‌ಪ್ರೂಫಿಂಗಿಗೆ 15, ಟೈಲ್ಸಿಗೆ 16, ಅದನ್ನು ಹಾಕುವ ಕೂಲಿ, ಸಿಮೆಂಟು, ಗಮ್ಮಿಗೆ 25, ಕಮೋಡು, ಬೇಸಿನ್, ನಲ್ಲಿಗಳಿಗೆ 40, ವೈರಿಂಗು ಮತ್ತು ಗೀಸರಿಗೆ 18, ಬಾಗಿಲು, ವೆಂಟಿಲೇಟರಿಗೆ 12. ಒಟ್ಟು 1,71,000. ಮಿಕ್ಕ 29 ಸಾವಿರವನ್ನು ಯಾರಿಗೂ ಹೇಳದೆ ಬೇರೆ ಇಡಿ. ಹಳೇ ಮನೆಯ ನೆಲ ಅಗೆದಾಗ ಒಳಗಿನ ಡ್ರೈನೇಜ್ ಪೈಪೂ ಸೀಳಿರುವುದು ಬಹಳ ಕಡೆ ಕಾಣುತ್ತದೆ.

ಒಂದೇ ಸಾಲಿನ ಕೊಟೇಶನ್ ವಾಪಸ್ ಕೊಟ್ಟು, ಇದೇ ರೀತಿ ಬಿಡಿಬಿಡಿಯಾಗಿ, ಪೈಪು ಯಾವ ಕಂಪನಿಯದು ಎಂಬುದೂ ಸೇರಿ ಬರೆಸಿಕೊಳ್ಳಿ. ಜಿಎಸ್‌ಟಿ ಸೇರಿದೆಯೇ ಎಂದು ಬಾಯಿಬಿಟ್ಟು ಕೇಳಿ. ಬರೆದುಕೊಡಲು ಒಪ್ಪದವರಿಗೆ ಕೆಲಸ ಕೊಡಬೇಡಿ.

ಟೈಲ್ಸ್ ಲೆಕ್ಕ ನೀವೇ ಹಾಕಬಹುದು. ಸುತ್ತಳತೆ 26 ಅಡಿ. 7 ಅಡಿ ಎತ್ತರಕ್ಕೆ 182 ಚದರಡಿ. ಬಾಗಿಲು, ವೆಂಟಿಲೇಟರ್ ಕಳೆದರೆ ಸುಮಾರು 162, ನೆಲ 40. ಕತ್ತರಿಸುವಾಗ ಹಾಳಾಗುವುದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ ಸುಮಾರು 225 ಚದರಡಿ. ಚದರಡಿಗೆ 70 ರೂಪಾಯಿಯ ಟೈಲ್ಸ್ ಧಾರಾಳ ಸಾಕು. ಅತ್ತೆಯವರಿರುವ ಮನೆ, ನೆಲಕ್ಕೆ ಹೊಳಪಿನದು ಖಂಡಿತ ಬೇಡ. ಆಂಟಿ ಸ್ಕಿಡ್ ಎಂದು ಅಂಗಡಿಯವರು ಹೇಳಿದರೆ ಸಾಲದು. ತುಂಡಿನ ಮೇಲೆ ನೀರು ಹಾಕಿಸಿ, ಚಪ್ಪಲಿ ಬಿಟ್ಟು ಕಾಲಿಟ್ಟು ನೋಡಿ.

ಈಗ ಮುಖ್ಯವಾದ ಮಾತು. ಪೈಪು ಕೂರಿಸಿದ ಮೇಲೆ ಗೋಡೆ ಮುಚ್ಚುವ ಮುಂಚೆ ಪಂಪು ಹಚ್ಚಿ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿ. ಆಮೇಲೆ ಪ್ರತಿ ಗೋಡೆಗೂ ಟೇಪು ಹಿಡಿದು, ಅಳತೆ ಕಾಣುವ ಹಾಗೆ ಪೈಪುಗಳ ಫೋಟೊ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ. ವಾಟರ್‌ಪ್ರೂಫಿಂಗ್ ನೆಲಕ್ಕಷ್ಟೇ ಬಳಿದರೆ ಆಗದು. ಗೋಡೆಯ ಮೇಲೂ ಸುತ್ತ ಒಂದಡಿ, ಸ್ನಾನ ಮಾಡುವ ಮೂಲೆಯಲ್ಲಿ ಆರಡಿ ಹತ್ತಿಸಬೇಕು. ಅದು ಒಣಗಿದ ಮೇಲೆ ನಹಾನಿ ಟ್ರ್ಯಾಪಿನ (ನೆಲದ ನೀರು ಹೊರಹೋಗುವ ಕಿಂಡಿ) ಬಾಯಿ ಕಟ್ಟಿ, 2 ಇಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. 48 ಗಂಟೆ ಬಿಡಿ. ಒಂದೆರಡು ಮಿಲಿಮೀಟರ್ ಇಳಿದರೆ ಆವಿಯಾಗಿದೆ. ಅದಕ್ಕಿಂತ ಇಳಿದರೆ ಎಲ್ಲೋ ಸೋರುತ್ತಿದೆ. ‘ನಮ್ಮ ಕೆಲಸದ ಮೇಲೆ ನಂಬಿಕೆ ಇಲ್ವಾ ಮೇಡಂ’ ಎನ್ನುತ್ತಾರೆ. ಕರಗಬೇಡಿ. ನೀರು ನಿಂತು ತೋರಿಸುವವರೆಗೆ ಟೈಲ್ಸಿಗೆ ಕೈ ಹಾಕಿಸಬೇಡಿ, ಎರಡನೇ ಕಂತೂ ಕೊಡಬೇಡಿ. ಟೈಲ್ಸ್ ಹಾಕುವಾಗ ನೆಲದ ವಾಟ (ಇಳಿಜಾರು) ಎಂಟಡಿಗೆ ಒಂದಿಂಚಾದರೂ ಇರಲಿ. ಒಟ್ಟು ಹಣದಲ್ಲಿ ಕೊನೆಯ ನೂರಕ್ಕೆ ಹತ್ತನ್ನು ಎರಡು ವಾರ ಬಾತ್‌ರೂಮು ಬಳಸಿ ನೋಡಿ ಕೊಡಿ.

ಅತ್ತೆಯವರಿಗೆ ಕೂರುವ ಎತ್ತರ 17–18 ಇಂಚು ಇದ್ದರೆ ಏಳುವುದು ಸುಲಭ. ಹಿಡಿಕೆಗಳು ಎಲ್ಲಿ ಬರಬೇಕೆಂದು ಅವರನ್ನೇ ಕುರ್ಚಿಯ ಮೇಲೆ ಕೂರಿಸಿ, ಕೈ ಎಲ್ಲಿಗೆ ಹೋಗುತ್ತದೋ ಅಲ್ಲಿ ಗುರುತು ಹಾಕಿ. ಬಾಗಿಲು ಹೊರಗೆ ತೆರೆಯಲಿ: ಒಳಗೆ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗದು. ಕಮೋಡ್ ಕೊಳ್ಳುವ ಮುಂಚೆ, ಟೈಲ್ಸ್ ಹಾಕಿದ ಗೋಡೆಯ ಮುಖದಿಂದ ಹಿಡಿದು ಕೊಳಚೆ ಹೊರಹೋಗುವ ಪೈಪಿನ ನಡುವಿನವರೆಗೆ ಅಳೆಯಿರಿ. ಬರಿಗೋಡೆಯಿಂದ ಅಳೆದು ತಂದರೆ, ಗಾರೆ ಮತ್ತು ಟೈಲ್ಸ್ ಸೇರಿ ಒಂದಿಂಚು ಮುಂದೆ ಬಂದ ಮೇಲೆ ಕಮೋಡ್ ಕೂರುವುದೇ ಇಲ್ಲ.

ಶೋರೂಮಿನ ದೊಡ್ಡ ರೇನ್ ಶವರ್ ಬಿಟ್ಟುಬಿಡಿ. ಅಲ್ಲಿ ಪಂಪಿನ ಒತ್ತಡ ಇರುತ್ತದೆ. ನಿಮ್ಮ ಮನೆಯ ಟ್ಯಾಂಕು ಶವರಿಗಿಂತ 10 ಅಡಿ ಮೇಲಿದ್ದರೂ ಸಿಗುವ ಒತ್ತಡ 0.3 ಬಾರ್ ಅಷ್ಟೇ, ತೊಟ್ಟಿಕ್ಕುತ್ತದೆ. ನೆಲದಡಿಯ ಸಂಪ್‌ ತೊಟ್ಟಿಗೆ ಬೋರ್‌ವೆಲ್ ನೀರೂ ಸೇರುವುದಾದರೆ ಕಪ್ಪು ನಲ್ಲಿಯೂ ಬೇಡ, ಬಿಳಿ ಕಲೆ ಎದ್ದು ಕಾಣುತ್ತದೆ. ಗೀಸರಿಗೆ ಪ್ರತ್ಯೇಕ ಎಂಸಿಬಿ (ಕರೆಂಟು ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ಚು), 16 ಆಂಪಿಯರ್ ಸಾಕೆಟ್, ಸರಿಯಾದ ಅರ್ತಿಂಗ್, ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿಯುವ ಸ್ವಿಚ್ಚು) ಇರಲಿ. ಇದರಲ್ಲಿ ಚೌಕಾಸಿ ಬೇಡ.

ಮೂರು ವಾರವಾದರೂ ಹಿಡಿಯುತ್ತದೆ. ಇರುವುದು ಒಂದೇ ಬಾತ್‌ರೂಮು, ಅತ್ತೆಯವರನ್ನು ಅಷ್ಟು ದಿನ ನೆಂಟರ ಮನೆಗೆ ಕಳಿಸುವ ಮಾತು ಈಗಲೇ ಆಡಿ. ಸೆಪ್ಟೆಂಬರ್, ಅಕ್ಟೋಬರ್ ಬೇಡ, ನಮ್ಮೂರಲ್ಲಿ ಜೋರು ಮಳೆ, ಗೋಡೆ ಒಣಗುವುದಿಲ್ಲ. ಟೈಲ್ಸ್ ಹಾಕುವವರಲ್ಲಿ ರಾಜಸ್ಥಾನದವರು ಬಹಳ. ದೀಪಾವಳಿ, ಹೋಳಿ ಹಬ್ಬಕ್ಕೆ ಊರಿಗೆ ಹೋಗುತ್ತಾರೆಯೇ ಎಂದು ವಿಚಾರಿಸಿ ತಾರೀಕು ಇಡಿ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿದ್ದೇವೆ. ನಮ್ಮ ಬಾತ್‌ರೂಮಿಂದ ಕೆಳಗಿನವರ ಸೀಲಿಂಗ್ ಸೋರುತ್ತಿದೆ. ಎಲ್ಲಾ ಒಡೆಸಲೇಬೇಕೇ?
– ಓದುಗರು, ವಿಜಯನಗರ

ಉತ್ತರ: ಈಗಲೇ ಒಡೆಸಬೇಡಿ. ಒಂದು ದಿನ ಆ ಬಾತ್‌ರೂಮು ಬಳಸದೆ, ಅದಕ್ಕೆ ನೀರು ಬಿಡುವ ವಾಲ್ವ್ ಮಾತ್ರ ತೆರೆದಿಡಿ. ಆಗಲೂ ತೊಟ್ಟಿಕ್ಕಿದರೆ ನೀರು ಬರುವ ಪೈಪಿನ ದೋಷ ಇರಬೇಕು. ವಾಲ್ವ್ ಮುಚ್ಚಿದ ಮೇಲೆ ನಿಂತರೆ ಅದು ಖಚಿತ. ಸ್ನಾನವಾದ ಮೇಲೆ ಮಾತ್ರ ಸೋರಿದರೆ ನಹಾನಿ ಟ್ರ್ಯಾಪಿನ ಸುತ್ತ ಅಥವಾ ಟೈಲ್ಸ್ ಸಂದಿಯಲ್ಲಿ ಹುಡುಕಿ. ಸಂದಿಯಲ್ಲಿ ತುಂಬಿದ ಹಳೇ ಗ್ರೌಟ್ ಕೆರೆದು, ನೀರು ಹೀರದ ಎಪಾಕ್ಸಿ ಗ್ರೌಟ್ ತುಂಬಿಸಿದರೆ ಎಷ್ಟೋ ಕಡೆ ಸೋರಿಕೆ ನಿಲ್ಲುತ್ತದೆ. ಫ್ಲಶ್ ಮಾಡಿದಾಗಲಷ್ಟೇ ಸೋರಿದರೆ ಕಮೋಡ್ ಎಬ್ಬಿಸಿ ಕೆಳಗಿನ ಜಾಯಿಂಟ್ ಸರಿಮಾಡಿಸಿ. ಕೆಳಗಿನವರನ್ನೂ ಜೊತೆಗೆ ನಿಲ್ಲಿಸಿಕೊಂಡು ಪರೀಕ್ಷೆ ಮಾಡಿ, ಎಷ್ಟು ಹೊತ್ತಿಗೆ ಹನಿ ಬಿತ್ತು ಎಂದು ಅವರೇ ಬರೆದುಕೊಳ್ಳಲಿ.